ಕೋಳಿಗೂಡಿನ ತಗಡು

ಬಸ್ರಾದ ಲಡಾಯಿಯಿಂದ ತಿರುಗಿ ಬರುವಾಗ ರಾಜಮಹ್ಮದ ಒಂದು ತಗಡಿನ ಟ್ರಂಕು, ಒಂದು ಸರಕಾರಿ ಕಂಬಳಿ ಮತ್ತು ಎಂಜಿನ್ನಿನ ಹುಚ್ಚು, ಇಷ್ಟನ್ನು ತಂದಿದ್ದ. ಟ್ರಂಕಿಗೆ ತುಕ್ಕು ಹಿಡಿಯಿತು, ಕಂಬಳಿಗೆ ನುಸಿ ಬಿತ್ತು, ಹುಚ್ಚು ಮಾತ್ರ ಹಬ್ಬುತ್ತ ಹೋಯಿತು. ಬಾಗಲಕೋಟೆಯ ಹತ್ತಿ ಜಿನ್ನಿನಲ್ಲಿ ಎಂಜಿನ್ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಕೆರೂರಿನ ಹಿಟ್ಟಿನ ಗಿರಣಿಯಾಗಲಿ, ಬಾದಾಮಿಯ ಎಣ್ಣೆ ಗಿರಣಿಯಾಗಲಿ, ಎಂಜಿನ್ ಎಲ್ಲಿ ಕೆಮ್ಮಿದರೂ ಇವನಿಗೇ ಕರೆ ಬರುತ್ತಿತ್ತು. ಅದನ್ನೇ ನೆಪ ಮಾಡಿಕೊಂಡು, ಪುಣೆಯ ಕಡೆ ಸೈನ್ಯದ ಹಳೇ ಸಾಮಾನು ಲಿಲಾವಿಗೆ ಬಂದಾಗ ಹೋಗಿ ಒಂದು ಮೋಟರ್ ಸೈಕಲ್ಲು ಹಿಡಿದು, ರೈಲಿಗೆ ಹೇರಿ ತಂದ. ಊರು ಅದನ್ನು ಫಟಫಟಿ ಎಂದು ಕರೆಯಿತು.

ಅದು ರಾಜಮಹ್ಮದನ ಹೆಂಡತಿ ಶಹರಬಾನುವಿಗೆ ಸವತಿ ಬಂದ ಹಾಗಾಯಿತು ಎಂದು ಓಣಿಯ ಹೆಂಗಸರು ನಗೆಯಾಡುತ್ತಿದ್ದರು. ಅವಳಿಗೆ ಆ ಮಾತು ಸರಿಬರುತ್ತಿರಲಿಲ್ಲ. ಸವತಿಯಾದರೆ ವಾರಕ್ಕೊಮ್ಮೆಯಾದರೂ ರೊಟ್ಟಿ ಬಡಿಯುತ್ತಿದ್ದಳು. ಇದು ಮುಂಜಾನೆ ಎದ್ದ ಕೂಡಲೆ ಮೈ ತೊಳೆಸಿಕೊಂಡು, ಎಣ್ಣೆ ಹಚ್ಚಿಸಿಕೊಂಡು, ಅಂಗಳದ ನೆರಳೆಲ್ಲ ತನ್ನದೇ ಎಂಬಂತೆ ನಿಂತುಬಿಡುತ್ತಿತ್ತು. ಗಂಡ ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ತಾಸುಗಟ್ಟಲೆ ಮಾತಾಡುತ್ತಿದ್ದ. ಆ ಕೈಯಲ್ಲೇ ಊಟಕ್ಕೆ ಬಂದರೆ ಪಲ್ಯಕ್ಕೂ ಎಂಜಿನ್ ಎಣ್ಣೆಯ ವಾಸನೆ. ಏಳು ತಿಂಗಳು ಅವಳು ತಡೆದುಕೊಂಡಳು.

ಆ ವರ್ಷ ಜೋಳದ ಸುಗ್ಗಿ ಮುಗಿಯುವ ಹೊತ್ತಿಗೆ ಇಳಕಲ್ಲಿನ ತವರಿನಿಂದ ಹೇಳಿಕೆ ಬಂತು. ತಂಗಿ ಅಲೀಮಾಳನ್ನು ನೋಡಲು ಗಂಡಿನವರು ಬರುವವರಿದ್ದರು, ದೊಡ್ಡ ಮಗಳು ಮುಂದೆ ನಿಲ್ಲಬೇಕಾಗಿತ್ತು. ಶಹರಬಾನು ಚಕ್ಕಡಿ ಗೊತ್ತುಮಾಡೋಣ ಎಂದಳು. ಚಕ್ಕಡಿಯಲ್ಲಿ ಎರಡು ದಿನ ಕುಲುಕಿಸಿಕೊಳ್ಳುವುದು ಯಾವ ಜಾಣತನ, ಫಟಫಟಿಯಲ್ಲಿ ಮುಂಜಾನೆ ಹೊರಟರೆ ಮಧ್ಯಾಹ್ನದ ಊಟ ಇಳಕಲ್ಲಿನಲ್ಲೇ ಎಂದ ರಾಜಮಹ್ಮದ. ಅವಳು ಬೇಡ ಎಂದಳು. ಅವನು ಬಸ್ರಾದ ಮರಳಿನಲ್ಲಿ ಮುನ್ನೂರು ಮೈಲಿ ಓಡಿಸಿದ್ದನ್ನು ಮೊದಲಿನಿಂದ ಹೇಳತೊಡಗಿದ. ಆ ಕಥೆ ಬಾಗಲಕೋಟೆಯಿಂದ ಇಳಕಲ್ಲಿಗೆ ಹೋಗುವ ದಾರಿಗಿಂತ ಉದ್ದವೆಂದು ಅವಳಿಗೆ ಗೊತ್ತಿತ್ತು. ಸಾಕು, ನಡೀರಿ ಎಂದುಬಿಟ್ಟಳು.

ಗಾಡಿಯ ಹಿಂದೆ ಸಾಮಾನು ಕಟ್ಟುವ ಕಬ್ಬಿಣದ ಚೌಕಟ್ಟೊಂದಿತ್ತು. ಅದರ ಮೇಲೆ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಬಿಗಿದರು. ಅವಳು ತಂದೆ ಬಾಬುಸಾಬ ತಾನೇ ನೇಯ್ದು ಕೊಟ್ಟ ಸೀರೆ ಉಟ್ಟಿದ್ದಳು. ನೀಲಿ ಒಡಲು, ಕೆಂಪು ರೇಷ್ಮೆಯ ಸೆರಗು. ತವರಿಗೆ ಹೋಗುವಾಗ ಆ ಸೀರೆ ಉಡದಿದ್ದರೆ ಮುದುಕ ಮೂರು ದಿನ ಮುಖ ಕೊಡುತ್ತಿರಲಿಲ್ಲ. ಒಂದು ಮಗ್ಗುಲಿಗೆ ಕಾಲು ಇಳಿಬಿಟ್ಟು ಕುಳಿತು, ಸೆರಗನ್ನು ತಲೆಯ ಮೇಲೆ ಹೊದ್ದು, ಗಂಡನ ಕೋಟನ್ನು ಗಟ್ಟಿಯಾಗಿ ಹಿಡಿದಳು.

ಕಮತಗಿ ದಾಟಿದರು, ಅಮೀನಗಡದಲ್ಲಿ ಚಹಾ ಕುಡಿದರು. ಅಲ್ಲಿಯವರೆಗೆ ಮೈ ನುಚ್ಚಾಗಿದ್ದು ಬಿಟ್ಟರೆ ಬೇರೆ ಏನೂ ಆಗಲಿಲ್ಲ. ಅದು ತಪ್ಪಾಯಿತು. ಏನೂ ಆಗದ್ದರಿಂದ ರಾಜಮಹ್ಮದನಿಗೆ ಹುರುಪು ಬಂತು. ಅಮೀನಗಡ ಬಿಟ್ಟ ಮೇಲೆ ಹುನಗುಂದದ ಕಡೆಗೆ ಒಂದು ಉದ್ದನೆಯ ಇಳಿಜಾರು ಸಿಕ್ಕಾಗ ಗಾಡಿಯ ವೇಗ ಇನ್ನಷ್ಟು ಏರಿಸಿದ. ಗಾಳಿ ಸೆರಗನ್ನು ತಲೆಯಿಂದ ಕಿತ್ತು ಹಿಂದಕ್ಕೆ ಹಾರಿಸಿತು.

ಮೊದಲು ಅವಳಿಗೆ ಹಿಂದಿನಿಂದ ಯಾರೋ ಸೆರಗು ಜಗ್ಗಿ ಕರೆದಂತೆ ಅನ್ನಿಸಿತು. ತಿರುಗುವಷ್ಟರಲ್ಲಿ ಸೀರೆ ಕುತ್ತಿಗೆಗೆ ಬಿಗಿಯಿತು. ಎಂಜಿನ್ನಿನಿಂದ ಹಿಂದಿನ ಗಾಲಿಗೆ ಹಾಯ್ದು ಅದನ್ನು ತಿರುಗಿಸುವ ಚರ್ಮದ ಪಟ್ಟಾ ಒಂದಿತ್ತು. ಸೆರಗಿನ ತುದಿ ಆ ಪಟ್ಟಾಕ್ಕೂ ಗಾಲಿಗೂ ನಡುವೆ ಸಿಕ್ಕು, ಗಾಲಿ ಅದನ್ನು ದಾರದ ಉಂಡೆಯಂತೆ ಸುತ್ತಿಕೊಳ್ಳತೊಡಗಿತ್ತು. ಕೂಗಲು ಬಾಯಿ ತೆರೆದರೆ ಉಸಿರೇ ಇಲ್ಲ. ಗಂಡನ ಬೆನ್ನಿಗೆ ಗುದ್ದಿದಳು. ಮುಂದೆ ಇಳಿಜಾರಿನ ಕೆಳಗೆ ಒಂದು ಚಕ್ಕಡಿ ಹೋಗುತ್ತಿತ್ತು, ಅದನ್ನು ತೋರಿಸಲು ಗುದ್ದುತ್ತಿದ್ದಾಳೆ ಎಂದುಕೊಂಡು ಅವನು ‘ಕಂಡೇನಿ, ಕಂಡೇನಿ’ ಎಂದು ತಲೆ ಅಲ್ಲಾಡಿಸಿ ಭೋಂಗಾ ಒತ್ತಿದ. ಅವಳು ಹಿಂದಕ್ಕೆ ಬಾಗುತ್ತ ಬಾಗುತ್ತ, ಆಕಾಶ ನೋಡುತ್ತ, ಇಲ್ಲಿಗೆ ತನ್ನ ಕಥೆ ಮುಗಿಯಿತು ಎಂದುಕೊಂಡಳು.

ಅಷ್ಟರಲ್ಲಿ ಪರ್ರನೆ ಸದ್ದಾಯಿತು. ಒಡಲಿಗೂ ಸೆರಗಿಗೂ ಕೂಡುವಲ್ಲಿ ಸೀರೆ ಹರಿದು, ಕೆಂಪು ಸೆರಗೆಲ್ಲ ಗಾಲಿಯ ಪಾಲಾಯಿತು. ಕುತ್ತಿಗೆ ಸಡಿಲಾಗಿ ಅವಳು ಮುಂದಕ್ಕೆ ಬಂದು ಗಂಡನ ಬೆನ್ನಿಗೆ ಅಪ್ಪಳಿಸಿದಳು. ಆದರೆ ಪಟ್ಟಾ ಜಾರಿ ಬಿದ್ದಿತ್ತು. ರಾಜಮಹ್ಮದ ಬ್ರೇಕು ತುಳಿದರೆ, ಗಾಲಿಯನ್ನು ಒತ್ತಿ ಹಿಡಿಯಬೇಕಾದ ಕಟ್ಟಿಗೆಯ ತುಂಡು ರೇಷ್ಮೆಯ ಮೇಲೆ ನುಣ್ಣಗೆ ಜಾರುತ್ತಿತ್ತು. ಮುಂದಿನ ಬ್ರೇಕು ಇದ್ದೂ ಇಲ್ಲದಂತೆ. ಚಕ್ಕಡಿ ರಸ್ತೆಯ ನಟ್ಟನಡುವೆ. ಭೋಂಗಾ ಕೇಳಿದ ಎತ್ತುಗಳು ಬೆದರಿ ಅಡ್ಡ ತಿರುಗಿದವು. ಆಗ ಅವನು ಒಂದೇ ಒಂದು ಜಾಣತನದ ಕೆಲಸ ಮಾಡಿದ. ಹ್ಯಾಂಡಲನ್ನು ಎರೆಹೊಲದ ಕಡೆ ತಿರುವಿದ. ಚಕ್ಕಡಿಯ ಗಾಲಿಗೂ ಅವಳ ಮೊಣಕಾಲಿಗೂ ಒಂದು ಗೇಣು ಉಳಿದಿತ್ತು. ಫಟಫಟಿ ಜೋಳದ ಕೂಳೆಯ ಮೇಲೆ ಎಗರಿ ಎಗರಿ, ಹೆಂಟೆಗಳಲ್ಲಿ ಹೂತು ನಿಂತು, ಇಬ್ಬರನ್ನೂ ಮೆಲ್ಲಗೆ ಒಂದು ಮಗ್ಗುಲಿಗೆ ಕೆಡವಿತು.

ಶಹರಬಾನು ಎದ್ದು ಕುಳಿತಳು. ಕೈಕಾಲು ಇದ್ದವು. ಕುತ್ತಿಗೆಯ ಸುತ್ತ ಬೆಂಕಿಯ ದಾರ ಕಟ್ಟಿದಂತೆ ಉರಿಯುತ್ತಿತ್ತು. ಉಳಿದ ಸೀರೆಯನ್ನು ಎದೆಗೆ ಎಳೆದುಕೊಂಡು ಗಂಡನನ್ನು ಹುಡುಕಿದಳು. ಅವನು ಹಿಂದಿನ ಗಾಲಿಯ ಮುಂದೆ ಮೊಣಕಾಲೂರಿ ಕುಳಿತಿದ್ದ.

"ಪಟ್ಟಾ ಹರದಿಲ್ಲ," ಎಂದ ಸಮಾಧಾನದಿಂದ. "ಬರೇ ಜಾರೇತಿ."

ಅವಳಿಗೆ ಆ ಕ್ಷಣ ಗಂಟಲು ನೋಯುತ್ತಿತ್ತು, ಇಲ್ಲದಿದ್ದರೆ ಅಮೀನಗಡಕ್ಕೆ ಕೇಳುವಂತೆ ಏನಾದರೂ ಅನ್ನುತ್ತಿದ್ದಳು. ಆ ಕೆಲಸವನ್ನು ಚಕ್ಕಡಿಯಿಂದ ಇಳಿದು ಬಂದ ಹೆಂಗಸು ಮಾಡಿದಳು. ಹುನಗುಂದದ ಹತ್ತಿರದ ಹಳ್ಳಿಯ ಕುರಿಗಾರ ಅಮಸಿದ್ದಪ್ಪನ ಹೆಂಡತಿ, ಹೆಸರು ಹುಚ್ಚವ್ವ. ಗಂಡಹೆಂಡಿರು ಕಂಬಳಿ ಹೇರಿಕೊಂಡು ಹುನಗುಂದದ ಸಂತೆಗೆ ಹೊರಟಿದ್ದರು.

"ಹೆಂಡ್ತಿ ಕುತಗಿ ನೋಡೋ ಯಪ್ಪಾ ಮೊದಲ," ಎಂದಳು ಅವಳು. "ಗಾಲಿ ಎಲ್ಲಿ ಓಡಿ ಹೋಗ್ತೈತಿ?"

ರಾಜಮಹ್ಮದ ತಿರುಗಿ ನೋಡಿ ಬೆಪ್ಪಾದ. ಹುಚ್ಚವ್ವ ಚಕ್ಕಡಿಯಿಂದ ಒಂದು ಹೊಸ ಕಂಬಳಿ ಎಳೆದು ತಂದು ಶಹರಬಾನುವಿನ ಮೈತುಂಬ ಹೊದಿಸಿದಳು, ತಂಬಿಗೆಯಿಂದ ನೀರು ಕುಡಿಸಿದಳು, ಕುತ್ತಿಗೆಗೆ ಬೆಣ್ಣೆ ಸವರಿದಳು. ಎಲ್ಲ ಮಾಡಿ ಮುಗಿಸಿದ ಮೇಲೆ ಹೆಣ್ಣುಮಕ್ಕಳು ಇಂಥದ್ದರ ಮೇಲೆ ಯಾಕೆ ಕೂಡಬೇಕಾಗಿತ್ತು ಎಂದು ಅವಳನ್ನೂ ಬೈದಳು. ಅಮಸಿದ್ದಪ್ಪನ ದುಃಖ ಬೇರೆ. ಅವನ ಎಡಗಡೆಯ ಎತ್ತು ತೋಳ ಬಂದರೂ ಬೆದರದ ಎತ್ತಂತೆ, ಇವತ್ತು ಮೊದಲ ಬಾರಿಗೆ ಅದರ ಮರ್ಯಾದೆ ಹೋಯಿತಂತೆ. ಇಳಿಜಾರಿನಲ್ಲಿ ಮುಂದೆ ಎತ್ತು ಕಂಡರೆ ಭೋಂಗಾ ಒತ್ತಬಾರದು, ದೂರದಿಂದಲೇ ಸಾವಕಾಶ ಮಾಡಿ ನಿಲ್ಲಬೇಕು, ಇಷ್ಟು ತಿಳಿಯದವನು ಯಾವ ದೇಶ ನೋಡಿ ಬಂದ ಎಂದು ಕೇಳಿದ. ರಾಜಮಹ್ಮದ ಬಸ್ರಾ ಎಂದ. ಅಲ್ಲಿ ಎತ್ತುಗಳಿಲ್ಲವೇನು ಎಂದು ಅಮಸಿದ್ದಪ್ಪ ಕೇಳಿದ.

ಫಟಫಟಿಯನ್ನು ಹಗ್ಗ ಹಾಕಿ ಚಕ್ಕಡಿಯ ಹಿಂದೆ ಕಟ್ಟಿದರು. ರಾಜಮಹ್ಮದ ಅದರ ಹ್ಯಾಂಡಲು ಹಿಡಿದುಕೊಂಡು ನಡೆದ. ಶಹರಬಾನು ಕಂಬಳಿಗಳ ಮೇಲೆ, ಕಂಬಳಿಯೊಳಗೆ, ಆ ಬಿಸಿಲಿನಲ್ಲಿ, ಕುರಿಯ ವಾಸನೆಯಲ್ಲಿ ಬೆವರುತ್ತ ಕುಳಿತಳು. ಸಿಟ್ಟು ಎಲ್ಲಿಂದ ಸುರುಮಾಡಬೇಕೆಂದು ತಿಳಿಯದೆ ಮೊದಲು ತನ್ನ ಮೇಲೇ ಮಾಡಿಕೊಂಡಳು. ನೇಕಾರರ ಮನೆಯಲ್ಲಿ ಹುಟ್ಟಿದವಳು ಅವಳು. ರಾಟಿಯ ಮುಂದೆ ಕೂಡುವ ಮೊದಲು ಸೆರಗು ನಡುವಿಗೆ ಸಿಗಿಸಿ, ಜಡೆ ಸುತ್ತಿ ಕಟ್ಟಬೇಕೆಂದು ಅವ್ವ ತಲೆಗೆ ಮೊಟಕಿ ಮೊಟಕಿ ಕಲಿಸಿದ್ದಳು. ಬಾವಿಯ ಗಡಗಡಿ ಮುಟ್ಟುವಾಗಲೂ ಅವಳು ಸೆರಗು ಸಿಗಿಸುತ್ತಿದ್ದಳು, ಬೀಸುವ ಕಲ್ಲಿಗೆ ಕೂಡುವಾಗಲೂ. ಇವತ್ತು ಯಾಕೆ ಬಿಟ್ಟಳು? ಕೌದಿ ಹಾಸಿದ್ದರಿಂದ ಅದು ಕೂಡುವ ಜಾಗ ಅನ್ನಿಸಿಬಿಟ್ಟಿತ್ತು. ತನ್ನ ಕೆಳಗೆ ಎರಡು ಗೇಣಿನಲ್ಲಿ ಎಂಥದೋ ತಿರುಗುತ್ತಿದೆ ಎಂಬುದು ಹೊಳೆದೇ ಇರಲಿಲ್ಲ. ಆದರೆ ಅವಳಿಗೆ ಹೊಳೆಯಲಿಲ್ಲ ಸರಿ, ಏಳು ತಿಂಗಳಿನಿಂದ ಅದರ ಹೊಟ್ಟೆ ಬೆನ್ನು ಬಿಚ್ಚಿ ಜೋಡಿಸುವವನಿಗೆ ಯಾಕೆ ಹೊಳೆಯಲಿಲ್ಲ? ಅಲ್ಲಿಗೆ ಬಂದ ಸಿಟ್ಟು ಅವನ ಮೇಲೇ ನೆಲೆನಿಂತಿತು.

ಹುನಗುಂದದಲ್ಲಿ ರಾಜಮಹ್ಮದ ಒಂದು ಬೇವಿನ ಮರದ ಕೆಳಗೆ ಕುಳಿತು ಗಾಲಿಯಿಂದ ಸೆರಗು ಬಿಡಿಸಿದ, ಪಟ್ಟಾ ಏರಿಸಿದ, ಎಂಜಿನ್ ಸುರುಮಾಡಿದ. ಮುಖದಲ್ಲಿ ಮತ್ತೆ ಬೆಳಕು ಬಂತು. ಇನ್ನೇನು ಎರಡು ಹರದಾರಿ ದಾರಿ, ಗಾಡಿ ಹತ್ತು ಎಂದ. ಶಹರಬಾನು ಅವನ ಮುಖವನ್ನೇ ನೋಡಿದಳು. ಇಂಥ ಮನುಷ್ಯನಿಗೆ ಏನು ಹೇಳಬೇಕು? ಇಳಕಲ್ಲಿಗೆ ಹೊರಟ ಟಾಂಗಾದಲ್ಲಿ ಇಬ್ಬರು ಹೆಂಗಸರ ನಡುವೆ ಜಾಗ ಮಾಡಿಕೊಂಡು ಕುಳಿತಳು. ಕಂಬಳಿಯನ್ನು ತಿರುಗಿ ಬರುವಾಗ ಸಂತೆಯ ಹತ್ತಿರದ ಕಿರಾಣಿ ಅಂಗಡಿಯಲ್ಲಿ ಕೊಟ್ಟರಾಯಿತು ಎಂದು ಹುಚ್ಚವ್ವ ಹೇಳಿದ್ದಳು.

ಟಾಂಗಾಕ್ಕಿಂತ ಒಂದು ತಾಸು ಮೊದಲೇ ಫಟಫಟಿ ಇಳಕಲ್ ಮುಟ್ಟಿತು. ಅದರ ಜೊತೆಗೆ ಸುದ್ದಿಯೂ ಮುಟ್ಟಿತು, ರಾಜಮಹ್ಮದ ಹೇಳಿದ ರೀತಿಯಲ್ಲಿ. ಶಹರಬಾನು ಟಾಂಗಾ ಇಳಿದು ಓಣಿಯಲ್ಲಿ ನಡೆಯುವಾಗ ಬಾಗಿಲು ಬಾಗಿಲಿನಿಂದ ಹೆಂಗಸರು ಮರುಗಿದರು. ದಾರಿಯಲ್ಲಿ ಸೀರೆ ಬಿಚ್ಚಿತಂತಲ್ಲ, ಇನ್ನು ಮೇಲೆ ಗಟ್ಟಿಯಾಗಿ ಉಡಬೇಕು ಎಂದು ಒಬ್ಬಳು ಬುದ್ಧಿ ಹೇಳಿದಳು. ಅವಳು ಹಲ್ಲು ಕಚ್ಚಿಕೊಂಡು ಮನೆಗೆ ಬಂದಳು. ತಾಯಿ ಕಾಸಿಂಬಿ ಮಗಳ ಮೈ ತಡವಿ, ಅತ್ತು, ಆಮೇಲೆ ಸೆರಗು ಸಿಗಿಸುವುದನ್ನು ಚಿಕ್ಕಂದಿನಿಂದ ಕಲಿಸಿದ್ದು ಎಲ್ಲಿ ಹೋಯಿತು ಎಂದು ಕೇಳಿದಳು.

ಬಾಬುಸಾಬ ಕಟ್ಟೆಯ ಮೇಲೆ ಕುಳಿತಿದ್ದ. ತೊಡೆಯ ಮೇಲೆ ಆ ಹರಿದ ಸೆರಗು, ಕೆಂಪು ಎಲ್ಲಿ ಕಪ್ಪು ಎಲ್ಲಿ ಎಂದು ತಿಳಿಯದಂತೆ ಎಣ್ಣೆ ಕುಡಿದಿತ್ತು. ಇಳಕಲ್ ಸೀರೆಯ ಒಡಲಿನ ನೂಲನ್ನೂ ಸೆರಗಿನ ರೇಷ್ಮೆಯನ್ನೂ ಒಂದೊಂದೇ ಎಳೆ ಹಿಡಿದು ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೊಂಡಿ ಗಟ್ಟಿಯಿದ್ದರೆ ನೇಕಾರನಿಗೆ ಮಾನ. ಮುದುಕ ಹರಿದ ಅಂಚಿನಲ್ಲಿ ಒಂದೊಂದು ಎಳೆಯನ್ನೂ ಬೆರಳಿನಿಂದ ಎತ್ತಿ ನೋಡುತ್ತಿದ್ದ. ಕಣ್ಣು ತುಂಬಿದ್ದವು.

"ಯಾರ ಮುಂದೂ ಹೇಳಬ್ಯಾಡವ್ವಾ," ಎಂದ. "ಬಾಬುಸಾಬನ ಕೊಂಡಿ ಬಿಚ್ಚಿತಂತ ಅಂದಾರು."

ಮುಂಜಾನೆಯಿಂದ ತಡೆದಿದ್ದೆಲ್ಲ ಅಲ್ಲಿ ಒಡೆಯಿತು. ಅವಳು ಕಂಬಳಿ ಸರಿಸಿ ಕುತ್ತಿಗೆ ತೋರಿಸಿದಳು. ಬೆರಳಗಲದ ಕೆಂಪು ಬಾಸುಂಡೆ ಒಂದು ಕಿವಿಯ ಕೆಳಗಿನಿಂದ ಇನ್ನೊಂದರ ತನಕ ಹಬ್ಬಿತ್ತು.

"ಅಬ್ಬಾ, ಆ ಕೊಂಡಿ ಬಿಚ್ಚಲಿಲ್ಲಂದ್ರ ಟಾಂಗಾದಾಗ ನಾನಲ್ಲ, ನನ್ನ ಮಯ್ಯತ್ ಬರ್ತಿತ್ತು. ಒಬ್ಬಾಂವ ಪಟ್ಟಾ ನೋಡ್ತಾನು, ಒಬ್ಬಾಂವ ಎತ್ತು ನೋಡ್ತಾನು, ನೀವು ಕೊಂಡಿ ನೋಡ್ತೀರಿ. ನನ್ನನ್ನ ಯಾರರ ನೋಡೀರೇನು?"

ಬಾಬುಸಾಬ ಸೆರಗನ್ನು ಮಡಿಚಿ ಪಕ್ಕಕ್ಕಿಟ್ಟು ಎದ್ದು ಬಂದು ಮಗಳ ತಲೆಯ ಮೇಲೆ ಕೈಯಿಟ್ಟ. ಬಾಗಿಲಲ್ಲಿ ನಿಂತಿದ್ದ ರಾಜಮಹ್ಮದ ಹೊರಗೆ ಹೋದ.

ಗಂಡಿನವರು ಬಂದರು, ಅಲೀಮಾಳನ್ನು ಮೆಚ್ಚಿದರು, ಹೋದರು. ಶಹರಬಾನು ಕುತ್ತಿಗೆಗೆ ಓಢಣಿ ಸುತ್ತಿಕೊಂಡು ಚಹಾ ಕೊಟ್ಟಳು. ಗಂಡನ ಜೊತೆ ಅವಶ್ಯವಿದ್ದಷ್ಟೇ ಮಾತು: ಉಪ್ಪು ಬೇಕೇ, ನೀರು ಬೇಕೇ. ಮರುದಿನ ಮಧ್ಯಾಹ್ನ ಅವಳು ಮಗ್ಗದ ಪಕ್ಕ ಕುಳಿತು ರಾಟಿಯಿಂದ ಕಂಡಿಕೆಯ ಸಣ್ಣ ಕೊಳವೆಗೆ ನೂಲು ಸುತ್ತುತ್ತಿದ್ದಾಗ ಅವನು ಬಂದು ಮಗ್ಗದ ಕುಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತ. ಆಮೇಲೆ ಬಸ್ರಾದ ಕಥೆ ಎತ್ತಿದ. ಅವಳಿಗೆ ರಾಟಿಯನ್ನೇ ಎತ್ತಿ ಒಗೆಯಬೇಕು ಅನ್ನಿಸಿತು. ಆದರೆ ಇದು ಅವನು ಇಷ್ಟು ವರ್ಷ ಹೇಳುತ್ತಿದ್ದ ಕಥೆಯಾಗಿರಲಿಲ್ಲ.

ಅಲ್ಲಿ ಅವನ ಜೊತೆ ಒಬ್ಬ ಟಪಾಲಿನ ಸಿಪಾಯಿ ಇದ್ದನಂತೆ. ಇಪ್ಪತ್ತು ವಯಸ್ಸು, ಹಾಡುತ್ತ ಗಾಡಿ ಓಡಿಸುವವನು. ಚಳಿಗಾಲದ ಒಂದು ಮುಂಜಾನೆ ಅವನ ಮನೆಯಿಂದ ಉಣ್ಣೆಯ ಗಲಪಟ್ಟಿ ಬಂತು. ತಾಯಿ ಹೆಣೆದು ಕಳಿಸಿದ್ದು. ಅದನ್ನು ಕುತ್ತಿಗೆಗೆ ಸುತ್ತಿ, ತುದಿ ಹಿಂದಕ್ಕೆ ಬಿಟ್ಟುಕೊಂಡು ಹೊರಟ. ಕ್ಯಾಂಪಿನ ಗೇಟು ದಾಟಲಿಲ್ಲ. ಅವನನ್ನು ಗಾಲಿಯಿಂದ ಬಿಡಿಸಿದವರಲ್ಲಿ ರಾಜಮಹ್ಮದನೂ ಒಬ್ಬ. ಅಂದೇ ಸಾಹೇಬರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹುಕುಂ ಹೊರಡಿಸಿದ್ದರಂತೆ. ಗಾಡಿ ಹತ್ತುವವನ ಮೈಮೇಲೆ ಸಡಿಲಾಗಿ ಜೋಲುವ ಬಟ್ಟೆ ಇರಬಾರದು, ಕಾಲಿಗೆ ಪಟ್ಟಿ ಬಿಗಿದಿರಬೇಕು, ಹಿಂದೆ ಯಾರನ್ನಾದರೂ ಕೂಡಿಸಿಕೊಂಡರೆ ಹೊರಡುವ ಮೊದಲು ಇಳಿದು ಅವರನ್ನು ಒಮ್ಮೆ ಸುತ್ತ ನೋಡಬೇಕು.

ರಾಟಿ ನಿಂತಿತು. ಅವಳ ಮನಸ್ಸು ಒಮ್ಮೆ ಆ ಹುಡುಗನ ತಾಯಿಯ ಕಡೆ ಹೋಗಿ ಬಂತು. ಆಮೇಲೆ ಕೇಳಿದ್ದು ಪೂರ್ತಿ ತಿಳಿಯಿತು.

"ಇಷ್ಟೆಲ್ಲ ನಿಮಗ ಗೊತ್ತಿತ್ತು," ಎಂದಳು. "ಗೊತ್ತಿದ್ದೂ ನನ್ನನ್ನ ಹಂಗ ಕೂಡಿಸಿದ್ರಿ?"

"ಅದು ಸಿಪಾಯಿಗಳಿಗೆ ಹೇಳಿದ್ದು, ಬಾನು."

"ನನ್ನ ಕುತಗಿ ಸಿಪಾಯಿ ಕುತಗಿ ಅಲ್ಲಂತೇನು?"

ಅವನು ತಲೆ ತಗ್ಗಿಸಿದ. ಆ ಹುಡುಗನ ನೆನಪೇ ಬೇಡವಾಗಿತ್ತು ಎಂದ. ನೆನೆದರೆ ಮತ್ತೆ ಗಾಡಿ ಹತ್ತಲು ಆಗುವುದಿಲ್ಲ, ಗಾಡಿ ಬಿಟ್ಟರೆ ತನ್ನ ಹತ್ತಿರ ಇನ್ನೇನಿದೆ ಎಂದ. ಅದು ನಿಜವಾದ ಮಾತು ಎಂದು ಅವಳಿಗೆ ಗೊತ್ತಾಯಿತು, ಅದಕ್ಕೇ ಸಿಟ್ಟು ಇನ್ನೂ ಏರಿತು. ನಿಜ ಹೇಳುವವನನ್ನು ಬೈಯುವುದು ಕಷ್ಟ. ಅವಳು ಸಮಾಧಾನ ತಂದುಕೊಂಡು, ಆಮೇಲೆ ಸಾಹೇಬರು ಗಾಡಿಗೆ ಏನೂ ಮಾಡಲಿಲ್ಲವೇ ಎಂದು ಕೇಳಿದಳು. ಮಾಡಿದರು, ಪಟ್ಟಾದ ಮಗ್ಗುಲಿಗೆ ತಗಡಿನ ಮರೆ ಹಾಕಿಸಿದರು ಎಂದ. ಹಾಗಾದರೆ ನಮ್ಮ ಗಾಡಿಗೆ ಯಾಕಿಲ್ಲ? ನಮ್ಮ ಗಾಡಿಗೂ ಇತ್ತು, ಗಡಗಡ ಸದ್ದು ಮಾಡುತ್ತಿತ್ತು, ತೂಕ ಬೇರೆ, ಲಿಲಾವಿನಿಂದ ತಂದ ದಿನವೇ ಬಿಚ್ಚಿ ಇಟ್ಟೆ ಎಂದ ರಾಜಮಹ್ಮದ.

"ಎಲ್ಲಿ ಇಟ್ಟೀರಿ?"

"ಕೋಳಿಗೂಡಿನ ಬಾಯಿಗೆ ಆನಿಸೇವಲ್ಲ, ಅದ ಆ ತಗಡು."

ಶಹರಬಾನು ಕಣ್ಣು ಮುಚ್ಚಿಕೊಂಡಳು. ಏಳು ತಿಂಗಳಿನಿಂದ ಸಂಜೆಗೊಮ್ಮೆ ತನ್ನ ಕೈಯಿಂದಲೇ ಆ ತಗಡನ್ನು ಎಳೆದು ಗೂಡು ಮುಚ್ಚಿದ್ದಳು. ಬೆಕ್ಕು ಬಂದೀತು ಎಂದು ಕಲ್ಲು ಬೇರೆ ಇಡುತ್ತಿದ್ದಳು. ಆರು ಕೋಳಿಗಳಿಗೆ ಸರಕಾರಿ ತಗಡಿನ ಕಾವಲು, ಅವಳಿಗೆ ಕೌದಿ.

ಆ ತಗಡು ಗಾಡಿಗೆ ಬರುವ ತನಕ ತಾನು ತವರು ಬಿಟ್ಟು ಬರುವುದಿಲ್ಲ ಎಂದಳು. ಚಕ್ಕಡಿಯಲ್ಲಿ ಹೋದರಾಯಿತು ಎಂದು ಕಾಸಿಂಬಿ ನಡುವೆ ಬಾಯಿ ಹಾಕಿದಳು. ಆದರೆ ಶಹರಬಾನುವಿಗೆ ಚಕ್ಕಡಿ ಬೇಡವಾಗಿತ್ತು. ಇವತ್ತು ಚಕ್ಕಡಿ ಹತ್ತಿದರೆ ತಪ್ಪು ಸೀರೆಯದೇ ಎಂದು ಊರೆಲ್ಲ ಒಪ್ಪಿಕೊಂಡಂತೆ, ಗಂಡನ ಫಟಫಟಿ ಮತ್ತೆ ಹಾಗೇ ಬೆತ್ತಲೆ ತಿರುಗಿದಂತೆ. ರಾಜಮಹ್ಮದ ಮರುದಿನ ಬಾಗಲಕೋಟೆಗೆ ಹೋದ. ಪಕ್ಕದ ಮನೆಯವರಿಂದ ಬುಟ್ಟಿ ಇಸಿದುಕೊಂಡು ಕೋಳಿಗೂಡಿಗೆ ಮುಚ್ಚಿ, ತಗಡು ತೊಳೆದು, ತಿದ್ದಿ, ಮೊಳೆ ಬಿಗಿದು, ಮೂರನೆಯ ದಿನ ತಿರುಗಿ ಬಂದ. ಗಾಲಿಯ ಇನ್ನೊಂದು ಮಗ್ಗುಲಿಗೂ ತಾನಾಗಿ ತಂತಿಯ ಜಾಳಿಗೆ ಹೆಣೆದು ಕೂಡಿಸಿದ್ದ.

ಅಷ್ಟರಲ್ಲಿ ಬಾಬುಸಾಬ ಮಗಳಿಗೆ ಮಗ್ಗಕ್ಕೆ ಹೊಸ ಸೀರೆಯ ಹಾಸುನೂಲು ಹೂಡಿದ್ದ. ಒಡಲಿನ ಎಳೆಗಳಿಗೆ ಸೆರಗಿನ ರೇಷ್ಮೆ ಕೂಡಿಸುವ ಹೊತ್ತಿಗೆ ಅವಳನ್ನು ಕರೆದ. ನಲವತ್ತು ವರ್ಷ ಯಾರನ್ನೂ ಕೇಳದೆ ಕೊಂಡಿ ಹಾಕಿದ ಮನುಷ್ಯ, ಎಳೆ ಹಿಡಿದುಕೊಂಡೇ ನಾಚಿಕೆಯಿಂದ ಕೇಳಿದ: "ಗಟ್ಟಿ ಹಾಕ್ಲೋ, ಸಡ್ಲ ಹಾಕ್ಲೋ?"

"ಗಟ್ಟಿನ ಹಾಕ್ರಿ ಅಬ್ಬಾ," ಎಂದಳು. "ಗಾಡಿ ಕಡೆ ನಾ ನೋಡ್ಕೋತೇನಿ."

ನೋಡಿಕೊಂಡಳು ಕೂಡ. ತಿರುಗಿ ಹೊರಡುವ ದಿನ ಹೊಲಕ್ಕೆ ಹೋಗುವವರ ಹಾಗೆ ಕಚ್ಚೆ ಹಾಕಿ, ಸೆರಗನ್ನು ನಡುವಿಗೆ ಎರಡು ಸುತ್ತು ಸುತ್ತಿ ಸಿಗಿಸಿ, ತಲೆಗೆ ಸಣ್ಣ ಓಢಣಿ ಕಟ್ಟಿದಳು. ರಾಜಮಹ್ಮದ ಇಳಿದು ಅವಳ ಸುತ್ತ ಒಮ್ಮೆ ನೋಡಬೇಕಾಯಿತು. ಓಣಿಯವರೆಲ್ಲ ನೋಡುತ್ತಿದ್ದರು, ಅವನು ಕಿವಿ ಕೆಂಪಗೆ ಮಾಡಿಕೊಂಡು ನೋಡಿದ. ಬೆನ್ನಿಗೆ ಒಂದು ಗುದ್ದು ಎಂದರೆ ಸಾವಕಾಶ, ಎರಡು ಎಂದರೆ ನಿಲ್ಲಿಸಬೇಕು ಎಂದು ಗೊತ್ತುಮಾಡಿದಳು. ಹುನಗುಂದದಲ್ಲಿ ಕಂಬಳಿಯನ್ನೂ ಅದರೊಳಗೆ ಸುತ್ತಿದ ಒಂದು ಕುಪ್ಪಸದ ಖಣವನ್ನೂ ಹುಚ್ಚವ್ವನಿಗೆಂದು ಅಂಗಡಿಯಲ್ಲಿ ಕೊಟ್ಟರು. ಎದುರಿಗೆ ಎತ್ತು ಕಂಡಲ್ಲೆಲ್ಲ ನಿಂತು, ಕುರಿ ಕಂಡಲ್ಲೆಲ್ಲ ನಿಂತು, ಬಾಗಲಕೋಟೆ ಮುಟ್ಟುವಾಗ ಸಂಜೆಯಾಗಿತ್ತು. ರಾಜಮಹ್ಮದನ ಬೆನ್ನು ನಾಲ್ಕು ದಿನ ನೋಯಿತು.

ಒಂದು ತಿಂಗಳಲ್ಲಿ ಆ ತಗಡು ಅವನದೇ ಶೋಧವಾಯಿತು. ಜಿನ್ನಿಗೆ ಬಂದವರಿಗೆ ತಗಡು ಬಡಿದು ಸದ್ದು ಕೇಳಿಸಿ, ಇದಿಲ್ಲದೆ ಗಾಡಿ ಹತ್ತುವವನು ಮೂರ್ಖ ಎಂದು ಹೇಳುವುದನ್ನು ಶಹರಬಾನು ತನ್ನ ಕಿವಿಯಿಂದಲೇ ಕೇಳಿದಳು. ಹೇಳಲಿ. ಹೇಳುತ್ತಿರುವ ತನಕ ಬಿಚ್ಚುವುದಿಲ್ಲವಲ್ಲ.

ಬೇಸಿಗೆಯಲ್ಲಿ ಬಾದಾಮಿಯ ಎಣ್ಣೆ ಗಿರಣಿಗೆ ಕರೆ ಬಂದಾಗ ಅವಳೂ ಹೋದಳು, ಅಲ್ಲಿ ಚಿಕ್ಕಮ್ಮನ ಮನೆ ಇತ್ತು. ಗಿರಣಿಯ ಮುಂದೆ ಇನ್ನೊಂದು ಫಟಫಟಿ ನಿಂತಿತ್ತು. ಗುತ್ತಿಗೆದಾರ ಗುರಪ್ಪನದು, ಹೊಸದು, ಹೊಳೆಯುತ್ತಿತ್ತು. ಹಿಂದಿನ ಚೌಕಟ್ಟಿನ ಮೇಲೆ ಅವನ ಹೊಸ ಹೆಂಡತಿ ಸಾವಿತ್ರೆವ್ವ ಆಗಲೇ ಹತ್ತಿ ಕುಳಿತಿದ್ದಳು. ರೇಷ್ಮೆ ಸೀರೆಯ ಸೆರಗು ಬೆನ್ನ ಹಿಂದೆ ಗಾಲಿಯ ತನಕ ಇಳಿದಿತ್ತು. ಆ ಗಾಡಿಯ ಪಟ್ಟಾಕ್ಕೆ ಎಂಥ ಮರೆಯೂ ಇರಲಿಲ್ಲ. ಗಂಡಸರಿಬ್ಬರೂ ಎಂಜಿನ್ನಿನ ಬಗ್ಗೆ ಮಾತಾಡುತ್ತ ನಿಂತಿದ್ದರು.

ಶಹರಬಾನು ನೆಟ್ಟಗೆ ಹೋಗಿ ಆ ಸೆರಗು ಹಿಡಿದೆತ್ತಿ, ನಡುವಿಗೆ ಸಿಗಿಸಿಕೊಳ್ಳಬೇಕು ಎಂದು ಹೇಳಿದಳು. ತನಗೆ ಆದದ್ದನ್ನು ಹೇಳಿದಳು. ಸಾವಿತ್ರೆವ್ವ ನಯವಾಗಿಯೇ ಕೇಳಿಸಿಕೊಂಡಳು.

"ಇದು ರೇಷ್ಮಿ ನೋಡ್ರಿ," ಎಂದಳು. "ಸಿಗಿಸಿದ್ರ ಸುಕ್ಕ ಬೀಳ್ತೈತಿ."

ಶಹರಬಾನುವಿಗೆ ತೋರಿಸಲು ಕುತ್ತಿಗೆಯ ಮೇಲೆ ಕಲೆಯೂ ಉಳಿದಿರಲಿಲ್ಲ. ಗುರಪ್ಪ ನಕ್ಕು, ತಾನು ಸಾವಕಾಶವೇ ಹೋಗುವವನು ಎಂದು ಎಂಜಿನ್ ಸುರುಮಾಡಿದ. ಅವಳು ಹೋಗಿ ಅವನ ಮುಂದಿನ ಗಾಲಿಗೆ ಅಡ್ಡ ನಿಂತಳು. ಸೆರಗು ಸಿಗಿಸುವ ತನಕ ಸರಿಯುವುದಿಲ್ಲ ಎಂದಳು. ದಾರಿಯಲ್ಲಿ ಹೋಗುವವರು ನಿಂತು ನೋಡತೊಡಗಿದರು. ಗುರಪ್ಪ ರಾಜಮಹ್ಮದನ ಕಡೆ ನೋಡಿದ, ಹೆಂಡತಿಯನ್ನು ಕರ್ಕೊಳ್ರಿ ಎಂಬಂತೆ. ರಾಜಮಹ್ಮದ ನೆಲ ನೋಡುತ್ತ, ಆಕೆ ಹೇಳಿದ್ದು ಖರೆ ಇದೆ ಎಂದ. ಸಾವಿತ್ರೆವ್ವ ಮೂಗು ಮುರಿದು, ಸೆರಗಿನ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು ನಡುವಿಗೆ ತುರುಕಿದಳು. ಗಾಡಿ ಹೊರಟಿತು. ತಿರುವಿನಲ್ಲಿ ಅವಳ ಕೈ ನಡುವಿಗೆ ಹೋದದ್ದು, ಸೆರಗು ಮತ್ತೆ ಹೊರಗೆ ಬಂದು ಗಾಳಿಗೆ ಹಾರಿದ್ದು, ಶಹರಬಾನುವಿಗೆ ಎರಡೂ ಕಂಡವು.

ಅವಳು ಓಡಿ ಬಂದು ಗಾಡಿ ಹತ್ತಿದಳು. "ಆಕಿ ಹಿಂದ ನಡೀರಿ," ಎಂದಳು. "ಜಲ್ದಿ ನಡೀರಿ. ಸಾವಕಾಶ."

ರಾಜಮಹ್ಮದ ಎರಡರಲ್ಲಿ ಯಾವುದು ಎಂದು ಕೇಳಲಿಲ್ಲ. ಪೇಟೆಯ ಬಾಯಿಯಲ್ಲಿ ಕಟ್ಟಿಗೆಯ ಚಕ್ಕಡಿಗಳು ದಾರಿ ಕಟ್ಟಿದ್ದವು, ಗುರಪ್ಪನ ಗಾಡಿ ಅವುಗಳ ಹಿಂದೆ ನಿಂತಿತ್ತು. ಫಟಫಟ ಸದ್ದಿಗೆ ಸಾವಿತ್ರೆವ್ವ ತಿರುಗಿ ನೋಡಿದಳು. ಕಚ್ಚೆ ಹಾಕಿದ ಹೆಂಗಸು ಗಾಡಿಯಿಂದ ಇಳಿಯುತ್ತಿರುವುದನ್ನು ಕಂಡವಳೇ ಸೆರಗನ್ನು ಸರಸರ ಎಳೆದು, ಮಡಿಚಿ, ನಡುವಿಗೆ ಸುತ್ತಿ, ತುದಿಯನ್ನು ಆಳಕ್ಕೆ ಸಿಗಿಸಿಕೊಂಡಳು. ಬಾಯಿ ಬೈಯುತ್ತಲೇ ಇತ್ತು. ಶಹರಬಾನು ಹತ್ತಿರ ಹೋಗಿ ಬೆರಳು ಹಾಕಿ ಜಗ್ಗಿ ನೋಡಿದಳು. ಬಿಗಿಯಾಗಿತ್ತು.